ಗದ್ದುಗೆಯ ಕೆಳಗಿನ ನೆಲ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಯಾವುದೊಂದು ಮಠಕ್ಕೆ ಐವತ್ತೋ ನೂರೋ ವರ್ಷ ತುಂಬಿ ಮಹೋತ್ಸವವು ಒದಗಿತೆಂದರೆ ಭಕ್ತರ ಮನಸ್ಸಿನಲ್ಲಿ ಮೊದಲು ಹುಟ್ಟುವ ಸಂಕಲ್ಪವು ಗದ್ದುಗೆಯ ಜೀರ್ಣೋದ್ಧಾರದ್ದು. ಹಳೆಯ ಗಾರೆಯ ಗದ್ದುಗೆಗೆ ಅಮೃತಶಿಲೆಯ ಹೊದಿಕೆ, ಹೆಂಚಿನ ಮಾಡಿಗೆ ಬದಲಾಗಿ ಕಲ್ಲಿನ ಮಂಟಪ, ಮಂಟಪದ ಮೇಲೊಂದು ಶಿಖರ, ಸುತ್ತಲೂ ನುಣುಪಾದ ನೆಲಗಟ್ಟು: ಹೀಗೆ ಸಂಕಲ್ಪವು ಬೆಳೆಯುತ್ತ ಹೋಗುವುದು. ಈ ಭಕ್ತಿಯಲ್ಲಿ ದೋಷವನ್ನು ಹುಡುಕತಕ್ಕವರು ಯಾರೂ ಇಲ್ಲ. ಆದರೆ ಗದ್ದುಗೆಯೆಂಬುದು ಕಣ್ಣಿಗೆ ಕಾಣುವ ಪೀಠ ಮಾತ್ರವಲ್ಲ. ಆ ಪೀಠದ ಕೆಳಗೆ ನೆಲದೊಳಗೊಂದು ಗೂಡುಂಟು. ಪೀಠದ ಮೇಲೆ ಏನನ್ನು ಕಟ್ಟಬೇಕೆಂದು ಹತ್ತು ಸಭೆಗಳು ಸೇರುತ್ತವೆ. ಕೆಳಗಿನ ಗೂಡು ಅದನ್ನು ಹೊರಬಲ್ಲುದೇ ಎಂದು ಕೇಳುವವರು ಅಪೂರ್ವ. ಈ ದಿನದ ವಿಷಯವು ಆ ಪ್ರಶ್ನೆಯೇ ಆಗಿರುತ್ತದೆ.

ಲಿಂಗಾಯತ ಸಂಪ್ರದಾಯದಲ್ಲಿ ದೇಹವನ್ನು ಸುಡುವ ಪದ್ಧತಿಯಿಲ್ಲವೆಂಬುದು ಸರ್ವವಿದಿತ. ಸಮಾಧಿಯ ಕುಣಿಯನ್ನು ಲಿಂಗೈಕ್ಯರಾದವರ ಪಾದದ ಅಳತೆಯಿಂದಲೇ ಅಳೆದು ತೋಡಿ, ಅದರ ಒಂದು ಪಾರ್ಶ್ವದಲ್ಲಿ ಗೂಡನ್ನು ಕೊರೆದು, ಅಲ್ಲಿ ಅವರನ್ನು ಆಸನಸ್ಥರನ್ನಾಗಿ ಕುಳ್ಳಿರಿಸಿ, ವಿಭೂತಿಯ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಇಟ್ಟು ಮಣ್ಣು ತುಂಬುವುದು ರೂಢಿ. ಈ ಕ್ರಿಯೆಯ ಪಾರಮಾರ್ಥಿಕ ಅರ್ಥವನ್ನು ವಿವರಿಸಲು ಈ ಪೀಠದ ಮೇಲೆಯೇ ಅಧಿಕಾರಿಗಳಾದವರು ಇದ್ದಾರೆ. ಮಣ್ಣಿನ ಶಾಸ್ತ್ರವನ್ನು ಓದಿದ ಇಂಜಿನಿಯರನ ಕಣ್ಣಿಗಾದರೋ ಇಲ್ಲಿ ಮೂರು ಬಗೆಯ ನೆಲವು ಕಾಣುವುದು. ಕುಣಿಯ ಸುತ್ತಲಿನದು ಎಂದೂ ಅಲುಗದ ಹುಟ್ಟುನೆಲ. ಕುಣಿಯಲ್ಲಿ ತುಂಬಿದ್ದು ಸಡಿಲವಾದ ಮಣ್ಣು. ಗೂಡಿನೊಳಗೆ ಪತ್ರೆಯು ಕ್ಷಯಿಸಿದಂತೆಲ್ಲ ಬರಿದಾಗುತ್ತ ಬಂದ ಪೊಳ್ಳು. ಗಟ್ಟಿ, ಸಡಿಲು, ಪೊಳ್ಳು ಈ ಮೂರೂ ಒಂದೆರಡು ಮಾರಿನೊಳಗೆ ಒತ್ತೊತ್ತಾಗಿರುವ ಸ್ಥಳದಲ್ಲಿ ಭಾರವು ಸಮನಾಗಿ ಇಳಿಯಲಾರದು. ಮಂಟಪದ ಒಂದು ಕಂಬವು ಗಟ್ಟಿನೆಲದ ಮೇಲೂ ಇನ್ನೊಂದು ಸಡಿಲಾದ ಮಣ್ಣಿನ ಮೇಲೂ ನಿಂತರೆ, ಎರಡನೆಯದು ಕುಸಿದು, ಮೇಲಿನ ತೊಲೆಯು ಸೀಳುವುದು. ಆ ಬಿರುಕನ್ನು ಜನರು ಕಲ್ಲಿನ ದೋಷವೆಂದೋ ಕೆಲಸಗಾರನ ದೋಷವೆಂದೋ ತಿಳಿದು ಸಿಮೆಂಟು ಮೆತ್ತುವರು.

ಸಭೆಯಲ್ಲಿರುವವರಲ್ಲಿ ಬಹುಮಂದಿ ದಂಡಿನ ಪ್ರದೇಶದಿಂದಲೂ ಹಲಸೂರು, ಶಿವಾಜಿನಗರ, ಇಂದಿರಾನಗರ, ಕೃಷ್ಣರಾಜಪುರಗಳಿಂದಲೂ ಬಂದವರಾದುದರಿಂದ ಆ ಭಾಗದ ನೆಲದ ಗುಣವನ್ನೇ ಮೊದಲು ವಿಚಾರಿಸುವುದು ಉಚಿತ. 1809ರಲ್ಲಿ ಆಂಗ್ಲರು ಹಲಸೂರಿನ ಬಳಿಯಲ್ಲಿ ದಂಡನ್ನು ಇಳಿಸಿದ ದಿಣ್ಣೆಗಳ ಕೆಳಗಿರುವುದು ನೈಸ್ ಎಂಬ ಬಹು ಪುರಾತನವಾದ ಪಟ್ಟೆಪಟ್ಟೆಯ ಶಿಲೆ. ಲಾಲ್‌ಬಾಗಿನಲ್ಲಿ ಅದು ಬಂಡೆಯಾಗಿ ಹೊರಗೇ ಕಾಣುವುದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂಶಾಸ್ತ್ರಜ್ಞರ ಎಣಿಕೆ. ಬೇರೆ ಕಡೆ ಈ ಶಿಲೆಯು ಮಳೆಗಾಳಿಗಳಿಂದ ಕೊಳೆತು, ಮೇಲೆ ಕೆಮ್ಮಣ್ಣಾಗಿಯೂ, ಅದರ ಕೆಳಗೆ ಮೊರಮ್ಮಾಗಿಯೂ, ಇನ್ನೂ ಕೆಳಗೆ ಕೈಯಿಂದ ಪುಡಿಮಾಡಬಹುದಾದ ಕೊಳೆತ ಕಲ್ಲಾಗಿಯೂ ಮಾರ್ಪಟ್ಟಿದೆ. ಆದರೆ ಕೊಳೆಯುವಿಕೆಯು ಎಲ್ಲೆಡೆಯಲ್ಲಿಯೂ ಒಂದೇ ಆಳಕ್ಕೆ ಇಳಿದಿಲ್ಲ. ಕೆಮ್ಮಣ್ಣಿನ ನಡುವೆ ಆನೆಯ ಗಾತ್ರದ ಗುಂಡುಗಳು ಕೊಳೆಯದೆ ಉಳಿದಿವೆ. ಹತ್ತು ಮಾರು ಆಚೆ ತೋಡಿದರೆ ಗುಂಡೇ ಇಲ್ಲ. ದಂಡಿನ ರೈಲ್ವೆ ನಿಲ್ದಾಣದಿಂದ ಶಿವಾಜಿನಗರಕ್ಕೆ ಮೆಟ್ರೋ ಸುರಂಗವನ್ನು ಕೊರೆದ ‘ಊರ್ಜಾ’ ಎಂಬ ಯಂತ್ರವು 2021ರ ಸೆಪ್ಟೆಂಬರ್ 22ರಂದು ಹೊರಬಿದ್ದಿತು. ಸುಮಾರು 850 ಮೀಟರಿನ ಆ ದಾರಿಗೆ ಒಂದು ವರ್ಷಕ್ಕೂ ಮಿಕ್ಕಿದ ಕಾಲವು ಹಿಡಿಯಿತು. ಯಂತ್ರದ ಬಾಯಿಗೆ ಅರ್ಧ ಬಂಡೆಯೂ ಅರ್ಧ ಮಣ್ಣೂ ಒಮ್ಮೆಗೇ ಸಿಕ್ಕುವ ಇಂಥ ನೆಲದಲ್ಲಿ ಬಂಡೆಯು ಯಂತ್ರವನ್ನು ತಡೆಯುತ್ತಿರುವಷ್ಟರಲ್ಲಿ ಮೇಲಿನ ಮಣ್ಣು ಜಾರಿ ಒಳಬೀಳಲು ಹವಣಿಸುವುದು. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯಲ್ಲಿ, ಕೆಳಗೆ ಸುರಂಗವು ಸಾಗಿದ್ದ ಎಡೆಯಲ್ಲಿ, ರಸ್ತೆಯೇ ಕುಸಿದು ಗುಂಡಿಬಿದ್ದುದನ್ನು ಕಂಡವರೂ ಇಲ್ಲಿರಬಹುದು.

ಹಾಗಾದರೆ ಈ ಕೆಮ್ಮಣ್ಣು ಕೆಟ್ಟದ್ದೋ? ಅಲ್ಲವೇ ಅಲ್ಲ. ಬೆಂಗಳೂರಿನಲ್ಲಿ ಬಾವಿಗಳನ್ನು ತೋಡುತ್ತ ಬಂದಿರುವ ಮಣ್ಣುಒಡ್ಡರನ್ನು ಕೇಳಿದರೆ ಅವರು ಬೇರೆಯೇ ಮಾತನ್ನು ಹೇಳುವರು. ಗಟ್ಟಿಯಾದ ಮೊರಮ್ಮಿನಲ್ಲಿ ಮೂವತ್ತು ಅಡಿಯ ಬಾವಿಯನ್ನು ಕಲ್ಲುಕಟ್ಟಡವಿಲ್ಲದೆ ತೋಡಿದರೂ ಗೋಡೆಯು ಗರಗಸದಿಂದ ಕೊಯ್ದಂತೆ ನೆಟ್ಟಗೆ ನಿಲ್ಲುವುದು. ಮಣ್ಣಿನ ಕಣಗಳ ನಡುವೆ ಇರುವ ಅತ್ಯಲ್ಪ ತೇವವು ಒಂದು ಕಣವನ್ನು ಇನ್ನೊಂದಕ್ಕೆ ಸೆಳೆದು ಹಿಡಿಯುವುದೇ ಇದಕ್ಕೆ ಮುಖ್ಯ ಕಾರಣ. ಮಕ್ಕಳು ಒದ್ದೆಮರಳಿನಿಂದ ಗುಬ್ಬಿಯ ಗೂಡು ಕಟ್ಟುವುದೂ ಇದೇ ಸೆಳೆತದ ಬಲದಿಂದ. ಆ ಗೂಡಿನ ಮೇಲೆ ಒಂದು ಚೊಂಬು ನೀರನ್ನು ಸುರಿದರೆ ಕಣಗಳ ನಡುವಣ ಬಿರುಕುಗಳೆಲ್ಲ ನೀರಿನಿಂದ ತುಂಬಿ, ಸೆಳೆತವು ಸತ್ತು, ಗೂಡು ಹರಿದುಹೋಗುವುದು. ನೆಲದೊಳಗಿನ ಸಮಾಧಿಯ ಗೂಡೂ ಹಾಗೆಯೇ. ಅದು ಇಷ್ಟು ಶತಮಾನ ನಿಂತಿರುವುದು ಗೋಡೆಯ ಬಲದಿಂದಲ್ಲ, ಸುತ್ತಲಿನ ಮಣ್ಣು ಒಂದೇ ಹದದಲ್ಲಿ ಉಳಿದುದರಿಂದ. ಹದವು ಕೆಟ್ಟ ದಿನ ಗೂಡೂ ಕೆಡುವುದು.

ಇದಕ್ಕೆ ಸಾಕ್ಷಿಯಾಗಿ ಕೃಷ್ಣರಾಜಪುರದಿಂದ ಮೂಡಲಿಗೆ ಹೊಸಕೋಟೆಯ ಸೀಮೆಗೆ ಹೋದರೆ ಸಾಕು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಕಬ್ಬಿಣಯುಗದ ಜನರ ಶಿಲಾಸಮಾಧಿಗಳನ್ನು 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಅಗೆದು ಶೋಧಿಸಿದರು. ಅವರ ವರದಿಯು 1960ರಲ್ಲಿ ಅಚ್ಚಾಯಿತು. ಬಸವಾದಿ ಪ್ರಮಥರಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಹಿಂದೆ ಇದೇ ಕೆಮ್ಮಣ್ಣಿನಲ್ಲಿ ಜನರು ತಮ್ಮವರನ್ನು ಹೂಳುತ್ತಿದ್ದರು. ಕನ್ನಡನಾಡಿನ ಹಳ್ಳಿಗರು ಇಂಥ ಸಮಾಧಿಗಳನ್ನು ಪಾಂಡವರ ಮನೆಯೆಂದೂ ಮೋರೇರ ಮನೆಯೆಂದೂ ಕರೆದು, ಅಂಜಿ, ಮುಟ್ಟದೆ ಬಿಟ್ಟಿದ್ದರು. ಆ ಅಂಜಿಕೆಯು ಪುರಾತತ್ತ್ವ ಇಲಾಖೆಯ ಹುಟ್ಟಿಗೆ ಎಷ್ಟೋ ಮುಂಚೆ ಇಲಾಖೆಯ ಕೆಲಸವನ್ನು ಮಾಡಿತೆನ್ನಬೇಕು.

ಆ ಜನರ ಕೈಕೆಲಸವನ್ನು ಚೆನ್ನಾಗಿ ತಿಳಿಯಬೇಕಾದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನೋಡತಕ್ಕದ್ದು. ಅಶೋಕನ ಶಾಸನದಿಂದ ಪ್ರಸಿದ್ಧವಾದ ಆ ಸ್ಥಳದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪಂಡಿತನು ಶಿಲಾಸಮಾಧಿಗಳನ್ನು ಕ್ರಮವಾಗಿ ಬಿಚ್ಚಿ ನೋಡಿದನು. ನೆಲದೊಳಗೆ ನಾಲ್ಕು ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿದ ಪೆಟ್ಟಿಗೆಯಂಥ ಕೋಣೆ ಅದು. ನಾಲ್ಕು ಚಪ್ಪಡಿಗಳನ್ನು ಅಂಚಿಗೆ ಅಂಚು ಸೇರಿಸಿ ಚೌಕಮಾಡಿ ನಿಲ್ಲಿಸಿದ್ದರೆ ಹೊರಗಿನ ಮಣ್ಣಿನ ಒತ್ತಡಕ್ಕೆ ಅವು ಒಳಮುಖವಾಗಿ ಬೀಳುತ್ತಿದ್ದವು. ಆ ಶಿಲ್ಪಿಗಳು ಹಾಗೆ ಮಾಡಲಿಲ್ಲ. ಪ್ರತಿಯೊಂದು ಚಪ್ಪಡಿಯ ಒಂದು ತುದಿಯು ಪಕ್ಕದ ಚಪ್ಪಡಿಯನ್ನು ದಾಟಿ ಹೊರಚಾಚುವಂತೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರವಾಗುವಂತೆ ನಿಲ್ಲಿಸಿದರು. ಒಂದು ಕಲ್ಲು ಒಳಗೆ ಬೀಳಬೇಕಾದರೆ ಅದರ ಮುಂದೆ ಇನ್ನೊಂದು ಕಲ್ಲಿನ ತಲೆಯು ಅಡ್ಡವಾಗುವುದು. ಮಣ್ಣು ಹೆಚ್ಚು ಒತ್ತಿದಷ್ಟೂ ನಾಲ್ಕೂ ಕಲ್ಲುಗಳು ಒಂದನ್ನೊಂದು ಹೆಚ್ಚು ಬಿಗಿಹಿಡಿಯುವುವು. ಹೊರಗೆ ಸುತ್ತಲೂ ಕಲ್ಲುಚೂರುಗಳನ್ನು ಅಡಕಿದರು. ಗಾರೆಯಿಲ್ಲ, ಕಬ್ಬಿಣದ ಕಂಬಿಯಿಲ್ಲ. ಶತ್ರುವೆನಿಸಿದ ಮಣ್ಣಿನ ಒತ್ತಡವನ್ನೇ ಕಾವಲುಗಾರನನ್ನಾಗಿ ಮಾಡಿಕೊಂಡ ಉಪಾಯವಿದು.

ಇಂಥ ಕೋಣೆಯನ್ನು ಈಗ ಯಾರಾದರೂ ‘ಭದ್ರಪಡಿಸುತ್ತೇವೆ’ ಎಂದು ಒಂದು ಪಕ್ಕದ ಮಣ್ಣನ್ನು ತೆಗೆದರೆ ಏನಾಗುವುದು? ಮೂರು ಕಡೆಯ ಒತ್ತಡವು ಉಳಿದು ನಾಲ್ಕನೆಯ ಕಡೆಯದು ಇಲ್ಲದಂತಾಗಿ ಬಿಗಿತವು ಸಡಿಲುವುದು. ಗದ್ದುಗೆಯ ಪಕ್ಕದಲ್ಲಿ ದಾಸೋಹದ ಮನೆಗೆ ತಳಪಾಯವನ್ನು ತೋಡುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಕಾಸರಗೋಡಿನ ಕಡೆಯಲ್ಲಿ ಬೇರೊಂದು ಬಗೆಯುಂಟು. ಅಲ್ಲಿ ಮುರಕಲ್ಲಿನ ದಿಣ್ಣೆಯೊಳಗೆ ಗುಮ್ಮಟದಂತೆ ಬಾಗಿದ ಮಾಡಿನ ಕೋಣೆಗಳನ್ನು ಕೊರೆದು, ಮಾಡಿನ ನಡುವೆ ದುಂಡಗಿನ ಬಾಯನ್ನು ಬಿಟ್ಟಿದ್ದಾರೆ. ಕಮಾನಿನಂತೆ ಬಾಗಿರುವುದರಿಂದ ಭಾರವು ಬದಿಗೆ ಹಂಚಿಹೋಗುವುದು. ಚಪ್ಪಟೆಯ ಕಲ್ಲಿಗೆ ಆ ಭಾಗ್ಯವಿಲ್ಲ. ಮೇಲಿನ ಭಾರಕ್ಕೆ ಅದು ಬಗ್ಗಲೇಬೇಕು. ಬೆಣಚು ಬೆರೆತ ಗಟ್ಟಿಕಲ್ಲಿಗೆ ಒತ್ತುವ ಭಾರವನ್ನು ತಾಳುವ ಶಕ್ತಿಯು ಅಪಾರವಾದರೂ ಬಗ್ಗಿಸುವ ಭಾರವನ್ನು ತಾಳುವ ಶಕ್ತಿಯು ಅದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಅದೇ ದಪ್ಪದ ಚಪ್ಪಡಿಯನ್ನು ಎರಡರಷ್ಟು ಅಗಲದ ಕೋಣೆಗೆ ಹೊದಿಸಿದರೆ, ಚದರಡಿಯ ಭಾರವು ಅಷ್ಟೇ ಇದ್ದರೂ, ಅದು ನಾಲ್ಕರಷ್ಟು ಹಿಂಸೆಯನ್ನು ತಾಳಬೇಕಾಗುವುದು. ಪುರಾತನರು ಕೋಣೆಗಳನ್ನು ಕಿರಿದಾಗಿ ಮಾಡಿದುದು ಕಲ್ಲು ಸಿಕ್ಕದೆ ಅಲ್ಲ.

ಈಗ ಮಂಟಪದ ಲೆಕ್ಕವನ್ನು ಒಂದಿಷ್ಟು ನೋಡೋಣವಾಗಲಿ. ಇದು ಯಾವ ಮಠದ್ದೂ ಅಲ್ಲ, ಉದಾಹರಣೆ ಮಾತ್ರ. ಮೂರು ಮೀಟರು ಉದ್ದ, ಮೂರು ಮೀಟರು ಅಗಲದ ಗದ್ದುಗೆಯೊಂದಿದೆ ಎಂದು ಇಟ್ಟುಕೊಳ್ಳಬಹುದು. ಅದರ ಮೇಲೆ ಕಾಂಕ್ರೀಟಿನ ಹಾಸು, ಕಲ್ಲಿನ ಹೊದಿಕೆ, ನಾಲ್ಕು ಕಂಬ, ತೊಲೆ, ಶಿಖರ ಎಲ್ಲವೂ ಸೇರಿ 20 ಟನ್ನು ಆಯಿತೆಂದರೆ, ಒಂಬತ್ತು ಚದರ ಮೀಟರಿಗೆ ಹಂಚಿದಾಗ ಚದರ ಮೀಟರಿಗೆ ಎರಡು ಟನ್ನಿಗೂ ಮಿಕ್ಕಿತು. ಒಂದು ಘನ ಮೀಟರು ಕೆಮ್ಮಣ್ಣು ಸುಮಾರು 1.8 ಟನ್ನು ತೂಗುವುದು. ಎಂದರೆ ಗೂಡಿನ ಮೇಲೆ ಹೊಸದಾಗಿ ನಾಲ್ಕು ಅಡಿ ಎತ್ತರದ ಮಣ್ಣಿನ ರಾಶಿಯನ್ನು ಹೇರಿದಂತಾಯಿತು. ಇದಾದರೂ ಭಾರವು ಸಮನಾಗಿ ಹರಡಿದಾಗಿನ ಮಾತು. ನಿಜವಾಗಿ ಅದು ನಾಲ್ಕು ಕಂಬಗಳ ಬುಡದಲ್ಲಿ ಐದೈದು ಟನ್ನಾಗಿ ಇಳಿಯುವುದು. ಆ ಬುಡಗಳಾದರೋ ಬಹುಮಟ್ಟಿಗೆ ಹಳೆಯ ಕುಣಿಯ ಅಂಚಿನ ಮೇಲೆಯೇ ಬರುವುವು. ಕುಣಿಯ ಅಂಚೇ ಎಲ್ಲಕ್ಕಿಂತ ದುರ್ಬಲವಾದ ಎಡೆ.

ಭಾರಕ್ಕಿಂತಲೂ ನೀರಿನದು ದೊಡ್ಡ ಹಾವಳಿ. ಈಜಿಪ್ಟ್ ದೇಶದ ರಾಜರ ಕಣಿವೆಯಲ್ಲಿ ಎರಡನೆಯ ರಾಮ್ಸೆಸ್ ಎಂಬ ಮಹಾರಾಜನ ಸಮಾಧಿಯು ಸುಣ್ಣಕಲ್ಲಿನ ಕೆಳಗಿನ ಜೇಡಿಕಲ್ಲಿನ ಪದರಕ್ಕೆ ಇಳಿದಿದೆ. ಎಂದೋ ಒಮ್ಮೆ ಬರುವ ಮಳೆಯ ಪ್ರವಾಹವು ಒಳಹೊಕ್ಕಾಗಲೆಲ್ಲ ಆ ಜೇಡಿಕಲ್ಲು ಉಬ್ಬಿ, ಒಣಗಿದಾಗ ಕುಗ್ಗಿ, ಕಂಬಗಳನ್ನೂ ಗೋಡೆಗಳನ್ನೂ ಒಡೆದುಹಾಕಿತು. ಮರುಭೂಮಿಯಲ್ಲಿಯೇ ಹೀಗಾದರೆ, ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ ಬೀಳುವ ಬೆಂಗಳೂರಿನ ಪಾಡೇನು? ಆದರೂ ಇಲ್ಲಿಯ ಗದ್ದುಗೆಗಳಿಗೆ ಮಳೆಯ ಭಯವು ಕಡಮೆ, ಮೇಲೆ ಮಾಡಿದೆ. ಭಯವಿರುವುದು ಮನೆಯೊಳಗಿನ ನೀರಿನಿಂದ. ಗದ್ದುಗೆಗೆ ನಿತ್ಯವೂ ಅಭಿಷೇಕವುಂಟು. ಆ ನೀರು ಹೊರಹೋಗಲು ಹಿರಿಯರು ಓರೆಯಾಗಿ ಕಾಲುವೆಯನ್ನು ಮಾಡಿದ್ದರು. ಹೊಸ ಕಲ್ಲನ್ನು ಹಾಸುವಾಗ ಆ ಓರೆಯು ತಪ್ಪಿ, ಸಂದಿನಿಂದ ದಿನಕ್ಕೆ ಹತ್ತೇ ಲೀಟರು ಕೆಳಗಿಳಿದರೂ ವರ್ಷಕ್ಕೆ 3650 ಲೀಟರಾಗುವುದು. ಮೇಲೆ ಹೇಳಿದ ಗದ್ದುಗೆಯು ಬಯಲಿನಲ್ಲಿಯೇ ಇದ್ದಿದ್ದರೆ ಅದರ ಮೇಲೆ ಬೀಳುತ್ತಿದ್ದ ಇಡೀ ವರ್ಷದ ಮಳೆಯು ಸುಮಾರು 8700 ಲೀಟರು. ಮಾಡಿನ ಕೆಳಗಿದ್ದೂ ಅದು ಮೂರರಲ್ಲೊಂದು ಪಾಲಿಗೂ ಹೆಚ್ಚು ಮಳೆಯನ್ನು ಕುಡಿದಂತಾಯಿತು. ಹಳೆಯ ಸುಣ್ಣದ ಗಾರೆಯಾಗಿದ್ದರೆ ಆ ತೇವವನ್ನು ಮೆಲ್ಲಗೆ ಉಸಿರಾಡಿ ಹೊರಬಿಡುತ್ತಿತ್ತು. ಸಿಮೆಂಟೂ ಅಮೃತಶಿಲೆಯೂ ಅದನ್ನು ಒಳಗೇ ಕೂಡಿಹಾಕುವುವು. ಇದಕ್ಕೆ ಒಡೆದ ಕೊಳಾಯಿಯೂ, ಪಕ್ಕದ ಚರಂಡಿಯೂ, ಕಾನೂನಿಗಾಗಿ ಎಲ್ಲೆಂದರಲ್ಲಿ ತೋಡಿದ ಮಳೆನೀರಿನ ಇಂಗುಗುಂಡಿಯೂ ಸೇರಿದರೆ ಹೇಳುವುದೇನಿದೆ! ಇಂಗುಗುಂಡಿಯು ಲೋಕೋಪಕಾರಿ, ಗದ್ದುಗೆಯಿಂದ ದೂರದಲ್ಲಿ, ಇಳಿಜಾರಿನ ಕಡೆಗೆ ಇರತಕ್ಕದ್ದು.

ನೀರಿನೊಡನೆ ನೇರವಾಗಿ ಹೋರಾಡಬೇಕಾಗಿ ಬಂದ ಮಹಾಕ್ಷೇತ್ರವು ಕೂಡಲಸಂಗಮ. ಕೃಷ್ಣೆ ಮಲಪ್ರಭೆಗಳು ಕೂಡುವೆಡೆಯಲ್ಲಿ ಬಸವಣ್ಣನವರ ಐಕ್ಯಸ್ಥಳವೆಂದು ಪೂಜೆಗೊಳ್ಳುವ ಸ್ಥಾನವು ನಾರಾಯಣಪುರದ ಬಸವಸಾಗರದ ಹಿನ್ನೀರಿಗೆ ಸಿಕ್ಕುವುದೆಂದು ಕಂಡಾಗ, ಅದನ್ನು ಎತ್ತಿ ಬೇರೆಡೆಗೆ ಸಾಗಿಸದೆ, ಸುತ್ತಲೂ ಕಾಂಕ್ರೀಟಿನ ದುಂಡುಗೋಡೆಯನ್ನು ಬಾವಿಯಂತೆ ಎಬ್ಬಿಸಿ, ಮೆಟ್ಟಿಲಿಳಿದು ದರ್ಶನಮಾಡುವ ಏರ್ಪಾಡನ್ನು ಮಾಡಿದರು. ಹೊರಗೆ ನೀರು ಒಂದು ಮೀಟರು ಏರಿದಂತೆಲ್ಲ ಗೋಡೆಯ ಬುಡದ ಮೇಲೆ ಚದರ ಮೀಟರಿಗೆ ಒಂದು ಟನ್ನು ಒತ್ತಡವು ಹೆಚ್ಚುವುದು. ದುಂಡಗಿನ ಗೋಡೆಗೆ ಈ ಒತ್ತಡವು ಎಲ್ಲ ಕಡೆಯಿಂದಲೂ ಸಮನಾಗಿ ಬಂದು ಗೋಡೆಯನ್ನು ಬಿಗಿಮಾಡುವುದೇ ಹೊರತು ಬಗ್ಗಿಸುವುದಿಲ್ಲ. ಬ್ರಹ್ಮಗಿರಿಯ ಶಿಲ್ಪಿಯ ಯುಕ್ತಿಯೇ ಇಲ್ಲಿ ಬೇರೆ ರೂಪದಿಂದ ಬಂದಿದೆ. ಆದರೆ ಅಂಥ ಬಾವಿಗೆ ಕೆಳಗಿನಿಂದಲೂ ನೀರು ನೆಲವನ್ನು ಎತ್ತಲು ನೋಡುವುದು. ಆದಕಾರಣ ಅಲ್ಲಿ ಕಟ್ಟಿ ಮುಗಿಸಿದೊಡನೆ ಕೆಲಸವು ಮುಗಿಯಲಿಲ್ಲ. ಜಲಾಶಯವು ಇರುವ ತನಕವೂ ಕಾವಲು ಇರಲೇಬೇಕು.

ಇಷ್ಟನ್ನು ಕೇಳಿದ ಮೇಲೆ, ‘ಹಾಗಾದರೆ ಗದ್ದುಗೆಯನ್ನು ತೆರೆದು ಒಳಗೆ ಹೇಗಿದೆಯೆಂದು ನೋಡಿಬಿಡೋಣ’ ಎನ್ನುವವರು ಹೊರಡಬಹುದು. ಅದು ಸಂಪ್ರದಾಯಕ್ಕೆ ಸಲ್ಲದು, ಶಾಸ್ತ್ರಕ್ಕೂ ಸಲ್ಲದು. ಜಪಾನಿನ ಅಸುಕ ಎಂಬ ಗ್ರಾಮದಲ್ಲಿ ಸುಮಾರು 1300 ವರ್ಷಗಳ ಹಿಂದಿನ ತಕಮತ್ಸುಜುಕ ಎಂಬ ಸಮಾಧಿಯನ್ನು 1972ರಲ್ಲಿ ತೆರೆದರು. ಒಳಗೆ ಮನೋಹರವಾದ ಭಿತ್ತಿಚಿತ್ರಗಳಿದ್ದವು. ಮುಚ್ಚಿ, ಗಾಳಿಯ ತೇವವನ್ನು ಯಂತ್ರಗಳಿಂದ ಹದದಲ್ಲಿಟ್ಟು, ಮಾಡಬಹುದಾದ ಎಚ್ಚರಿಕೆಯನ್ನೆಲ್ಲ ಮಾಡಿದರೂ ಚಿತ್ರಗಳಿಗೆ ಬೂಷ್ಟು ಹತ್ತಿತು. ಪೂರ್ವಕಾಲದ ಭೂಕಂಪಗಳಿಂದ ಮಣ್ಣಿನ ದಿಬ್ಬವು ಬಿರಿದಿದ್ದುದೂ ಆಮೇಲೆ ತಿಳಿಯಿತು. ಕೊನೆಗೆ 2007ರಲ್ಲಿ ಕಲ್ಲುಕೋಣೆಯನ್ನೇ ಬಿಚ್ಚಿ ಹೊರತೆಗೆಯಬೇಕಾಯಿತು. ಧನಕ್ಕೂ ವಿದ್ಯೆಗೂ ಕೊರತೆಯಿಲ್ಲದ ದೇಶದಲ್ಲಿ ನಡೆದ ಸಂಗತಿಯಿದು.

ತೆರೆಯದೆಯೇ ತಿಳಿಯುವ ಮಾರ್ಗಗಳು ಈಗ ಇವೆ. ನೆಲದೊಳಕ್ಕೆ ರೇಡಿಯೋ ಅಲೆಗಳನ್ನು ಕಳುಹಿಸಿ, ಪೊಳ್ಳಿನಿಂದಲೂ ಕಲ್ಲಿನಿಂದಲೂ ಹಿಂದಿರುಗುವ ಪ್ರತಿಧ್ವನಿಯನ್ನು ಬರೆದುಕೊಳ್ಳುವ ರೇಡಾರು ಒಂದು. ಒಣಗಿದ ಮರಳುಮಣ್ಣಿನಲ್ಲಿ ಅದು ಚೆನ್ನಾಗಿ ಕಾಣುವುದು. ಒದ್ದೆಯಾದ ಜೇಡಿಯಲ್ಲಿ ಕುರುಡಾಗುವುದು. ಆಗ ನೆಲಕ್ಕೆ ಕಡ್ಡಿಗಳನ್ನು ಚುಚ್ಚಿ ಅಲ್ಪ ವಿದ್ಯುತ್ತನ್ನು ಹರಿಸಿ, ಅದಕ್ಕೆ ಆಗುವ ತಡೆಯನ್ನು ಅಳೆಯಬಹುದು: ಒದ್ದೆಮಣ್ಣಿನಲ್ಲಿ ತಡೆ ಕಡಮೆ, ಪೊಳ್ಳಿನಲ್ಲಿ ಹೆಚ್ಚು. ಗದ್ದುಗೆಯಿಂದ ನಾಲ್ಕಾರು ಮೀಟರು ದೂರದಲ್ಲಿ ಕೈಬೈರಿಗೆಯಿಂದ ಅಂಗೈ ಅಗಲದ ರಂಧ್ರವನ್ನು ಕೊರೆದು, ಅಡಿಯಡಿಗೂ ಮಣ್ಣಿನ ಬಣ್ಣವನ್ನೂ ತೇವವನ್ನೂ ನೋಡಿದರೆ ಪವಿತ್ರಸ್ಥಾನವನ್ನು ಮುಟ್ಟದೆಯೇ ಅರ್ಧ ಸಂಗತಿಯು ಗೊತ್ತಾಗುವುದು. ಹಳೆಯ ಊರುಗಳಲ್ಲಿ ಇನ್ನೊಂದು ಎಚ್ಚರವು ಬೇಕು, ಮುಚ್ಚಿಹೋದ ಬಾವಿ ಕಲ್ಯಾಣಿಗಳದು. ಹಲಸೂರಿನ ಸೋಮೇಶ್ವರ ದೇವಾಲಯದ ಹಳೆಯ ಕಲ್ಯಾಣಿಯು ಎಷ್ಟೋ ಕಾಲ ಮಣ್ಣಿನಲ್ಲಿ ಹೂತುಹೋಗಿದ್ದು ಈ ಶತಮಾನದಲ್ಲಿ ಅಗೆದಾಗಲೇ ಹೊರಬಂದಿತು. ಅಂಥದೊಂದು ಸಡಿಲುಮಣ್ಣಿನ ಹೊಂಡವು ಗದ್ದುಗೆಯ ಮಗ್ಗುಲಲ್ಲಿದ್ದರೆ ಮಳೆಗಾಲದ ನೀರೆಲ್ಲ ಅಲ್ಲಿಯೇ ಸೇರುವುದು. ಯಾವ ಯಂತ್ರಕ್ಕೂ ಮೊದಲು ಊರಿನ ವೃದ್ಧರನ್ನೊಮ್ಮೆ ಕೇಳುವುದು ಒಳ್ಳೆಯದು. ಬಾವಿ ಎಲ್ಲಿತ್ತೆಂಬುದು ಅವರಿಗೆ ನೆನಪಿರುವುದು.

ಕಂಪನದ ವಿಷಯವಾಗಿ ಎರಡೇ ಮಾತು. ಗಣಿಗಳಲ್ಲಿ ಸಿಡಿಮದ್ದನ್ನು ಹಾರಿಸುವಾಗ ಚಾರಿತ್ರಿಕ ಕಟ್ಟಡಗಳ ಬಳಿಯಲ್ಲಿ ನೆಲದ ಅಲುಗಾಟವು, ನಿಧಾನವಾದ ಕಂಪನವಾದರೆ, ಸೆಕೆಂಡಿಗೆ 2 ಮಿಲಿಮೀಟರನ್ನು ಮೀರಬಾರದೆಂದು ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯವು 1997ರಲ್ಲಿ ವಿಧಿಸಿತು. ನೆರೆಯಲ್ಲಿ ಸುರಂಗವೋ ಎತ್ತರದ ಕಟ್ಟಡವೋ ಬರುವುದೆಂದು ತಿಳಿದಾಗ ಈ ಅಂಕಿಯನ್ನು ಹಿಡಿದು ಅಳತೆಯ ಯಂತ್ರವನ್ನು ಇಡಿಸುವಂತೆ ಕೇಳುವುದು ಮಠದವರಿಗೆ ಯುಕ್ತ. ಕೆಲಸವು ಪ್ರಾರಂಭವಾಗುವುದಕ್ಕೆ ಮೊದಲೇ ಗೋಡೆಯ ಬಿರುಕುಗಳನ್ನು ಬರೆದಿಡದಿದ್ದರೆ, ಆಮೇಲೆ ಹಳೆಯದಾವುದು ಹೊಸದಾವುದೆಂಬ ವಿವಾದಕ್ಕೆ ಕೊನೆಯಿರದು.

ಬಿರುಕನ್ನು ನೋಡಿಕೊಳ್ಳುವುದಕ್ಕೆ ಧನವಾಗಲಿ ಪಾಂಡಿತ್ಯವಾಗಲಿ ಬೇಕಿಲ್ಲ. ಬೆರಳಗಲದ ತೆಳ್ಳನೆಯ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡು ತುದಿಗಳನ್ನೂ ಗಾರೆಯಿಂದ ಗೋಡೆಗೆ ಕಚ್ಚಿಸಿ, ಅದರ ಮೇಲೆ ಆ ದಿನದ ತಾರೀಖನ್ನು ಬರೆಯುವುದು. ಬಿರುಕು ಹಳೆಯದಾಗಿ ನಿಂತುಹೋಗಿದ್ದರೆ ಗಾಜು ಹಾಗೆಯೇ ಇರುವುದು. ಕೂದಲೆಳೆಯಷ್ಟು ಬೆಳೆದರೂ ಗಾಜು ಒಡೆಯುವುದು. ನಾಲ್ಕು ಮಳೆಗಾಲ ಗಾಜು ಒಡೆಯದಿದ್ದರೆ ಗದ್ದುಗೆಗೆ ಸುಣ್ಣದ ಗಾರೆಯೂ, ಹಗುರವಾದ ಮರದ ಮಾಡೂ, ನೀರಿನ ಕಾಲುವೆಯ ಓರೆಯೂ ಸಾಕು; ಮಂಟಪಕ್ಕೆ ಎತ್ತಿಟ್ಟ ಹಣವು ದಾಸೋಹಕ್ಕೋ ವಿದ್ಯಾರ್ಥಿಗಳಿಗೋ ಸಲ್ಲಬಹುದು. ಒಡೆದರೆ, ಕಲ್ಲುಕುಟಿಗನನ್ನು ಕರೆಯುವುದಕ್ಕೆ ಮುಂಚೆ ಮಣ್ಣನ್ನು ಬಲ್ಲವನನ್ನು ಕರೆಯತಕ್ಕದ್ದು. ಮಂಟಪವು ಬೇಕೇ ಬೇಕೆಂದರೆ ಅದರ ಕಂಬಗಳು ಕುಣಿಯ ಅಂಚಿನಿಂದ ದೂರ ಸರಿದು, ಹುಟ್ಟುನೆಲದಲ್ಲಿ ತಮ್ಮದೇ ತಳಪಾಯದ ಮೇಲೆ ನಿಲ್ಲಲಿ. ಗದ್ದುಗೆಯು ಆ ಭಾರವನ್ನು ಹೊರುವುದು ಬೇಡ.

ಪೂಜೆಯ ಪಾಳಿಯನ್ನು ಬರೆಯುವ ಪುಸ್ತಕವೊಂದು ಪ್ರತಿಯೊಂದು ಮಠದಲ್ಲಿಯೂ ಇರುವುದು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಪೂಜೆಯಾದ ಮೇಲೆ, ಗಾಜು ಹೇಗಿದೆ, ಗದ್ದುಗೆಯ ಬುಡದ ನೆಲಕ್ಕೆ ಅಂಗೈಯಿಟ್ಟರೆ ತೇವವು ತಗಲುವುದೋ ಇಲ್ಲವೋ, ಅಭಿಷೇಕದ ನೀರು ಕಾಲುವೆಯ ತುದಿಯವರೆಗೂ ತಲಪಿತೋ, ಈ ಮೂರನ್ನು ಅದೇ ಪುಸ್ತಕದಲ್ಲಿ ಒಂದು ಸಾಲಾಗಿ ಬರೆದಿಡುವುದಕ್ಕೆ ಅರ್ಚಕರಿಗೆ ಐದು ನಿಮಿಷ ಹಿಡಿಯುವುದು.